ಗಿರಿಜಾ ಎಲೆಕ್ಟ್ರಾನಿನ ಆಯಸ್ಸು ಅಳೆದ ವರ್ಷ

ಹೋದ ತಿಂಗಳು ತಂಗಿಯ ಮದುವೆಯ ಕಾರ್ಡು ಆರಿಸಲು ಸುಲ್ತಾನ್‌ಪೇಟೆಗೆ ಹೋಗಿದ್ದೆ. ಅಂಗಡಿಯವರು ಆಗಷ್ಟೇ ಅಚ್ಚಾಗಿ ಬಂದ ಕಟ್ಟೊಂದನ್ನು ಬಿಚ್ಚಿ ನಮ್ಮ ಮುಂದೆ ಹರಡಿದರು. ಹಸಿ ಇಂಕು, ಅಂಟು, ಹೊಸ ರಟ್ಟು ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಹೊಡೆಯಿತು. ನನಗೇ ಗೊತ್ತಿಲ್ಲದ ಹಾಗೆ ನನ್ನ ಕೈ ಎಡಪಕ್ಕೆಯ ಮೇಲೆ ಹೋಗಿ ಕೂತಿತು.

"ಯಾಕೋ, ಏನಾಯ್ತು?" ಎಂದಳು ತಂಗಿ.

"ಏನಿಲ್ಲ. ನೀನು ನೋಡ್ತಿರು" ಎಂದು ಹೊರಗೆ ಬಂದು ರಸ್ತೆಯಲ್ಲಿ ನಿಂತೆ.

ಆ ವಾಸನೆ ನನಗೆ ಮೊದಲು ಸರಿಯಾಗಿ ಪರಿಚಯವಾದದ್ದು ಮಲ್ಲೇಶ್ವರದ ಒಂದು ಗಲ್ಲಿಯಲ್ಲಿ ನಾನು ಅಂಗಾತ ಬಿದ್ದಿದ್ದಾಗ. ಕಾರ್ಡು ಅಂಗಡಿಯ ಮಾಲೀಕನೊಬ್ಬನ ಬೆರಳುಗಳು ನನ್ನ ಗಂಟಲನ್ನು ಅದುಮುತ್ತಿದ್ದವು. ಅವನ ಉಗುರಿನ ಸಂದಿಯಲ್ಲಿ ಚಿನ್ನದ ಬಣ್ಣದ ಇಂಕು ಇತ್ತು.

ಆ ವರ್ಷ ನಾನು ಮಲ್ಲೇಶ್ವರದ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಶೇಷಾದ್ರಿಪುರಂನ ನಮ್ಮ ಮನೆಯಿಂದ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆ. ನಮ್ಮ ಪ್ರಯೋಗಾಲಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲ, ಬಾಗಿಲ ಹಿಂದೆ ದಪ್ಪ ಕಪ್ಪು ಪರದೆ, ಒಳಗೆ ಕೋಣೆಯ ಅರ್ಧದಷ್ಟಿದ್ದ ಉಕ್ಕಿನ ಮೇಜು, ಮೇಜಿನ ಮೇಲೆ ಲೇಸರು ಮತ್ತು ಲೆಕ್ಕವಿಲ್ಲದಷ್ಟು ಕನ್ನಡಿಗಳು. ಅಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ. ನಾನು ಮತ್ತು ಗಿರಿಜಾ. ನಮ್ಮಿಬ್ಬರಿಗೂ ಗೈಡ್ ಆಗಿದ್ದವರು ಪದ್ಮಿನಿ ಮೇಡಂ.

ನಾವು ಅಳೆಯುತ್ತಿದ್ದದ್ದು ಇಷ್ಟೇ. ಘನವಸ್ತುವಿನೊಳಗಿನ ಎಲೆಕ್ಟ್ರಾನಿಗೆ ಬೆಳಕು ಬಡಿದರೆ ಅದು ಆ ಶಕ್ತಿಯನ್ನು ನುಂಗಿ ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಇದ್ದು ಮತ್ತೆ ಕೆಳಗೆ ಬೀಳುತ್ತದೆ. ಆ ಸ್ವಲ್ಪ ಹೊತ್ತು ಎಂದರೆ ಎಷ್ಟು ಹೊತ್ತು? ಬೇಗ ಬಿದ್ದುಬಿಟ್ಟರೆ ಆ ವಸ್ತುವಿನಿಂದ ಸೌರಫಲಕ ಮಾಡಿ ಪ್ರಯೋಜನವಿಲ್ಲ. ತಡೆದು ನಿಂತರೆ ಅದನ್ನು ವಿದ್ಯುತ್ತಾಗಿ ಹರಿಸಿಕೊಳ್ಳಬಹುದು. ಯಾವ ಗಡಿಯಾರಕ್ಕೂ ಸಿಗದ ಹೊತ್ತು ಅದು. ಹಾಗಾಗಿ ಲೇಸರಿನ ಒಂದು ಮಿಡಿತವನ್ನು ಎರಡಾಗಿ ಸೀಳುತ್ತಿದ್ದೆವು. ಮೊದಲನೆಯದು ಹೋಗಿ ಹೊಡೆಯುತ್ತದೆ. ಎರಡನೆಯದು ಸುತ್ತುಬಳಸಿನ ದಾರಿಯಲ್ಲಿ ತಡವಾಗಿ ಬಂದು, ಹೊಡೆತ ತಿಂದ ಎಲೆಕ್ಟ್ರಾನುಗಳಲ್ಲಿ ಇನ್ನೂ ಎಷ್ಟು ಮೇಲೆ ಉಳಿದಿವೆ ಎಂದು ನೋಡುತ್ತದೆ. ಹಳಿಯ ಮೇಲಿನ ಕನ್ನಡಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಎರಡನೆಯದರ ದಾರಿಯನ್ನು ಉದ್ದ ಮಾಡುತ್ತಾ ಹೋದರೆ, ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮೂಡಿ, ಏರಿ ಇಳಿಯುವ ಒಂದು ಗೆರೆಯಾಗುತ್ತದೆ. ಆ ಇಳಿಜಾರಿನಲ್ಲಿ ಉತ್ತರ ಇರುತ್ತದೆ.

ಹರಳು ಬೆಳೆಸುತ್ತಿದ್ದವಳು ಗಿರಿಜಾ. ಎರಡು ವರ್ಷ ಅವಳು ಬೆಳೆಸಿದ್ದೆಲ್ಲ ಬಿರುಕು ಬಿಟ್ಟೋ ಬಣ್ಣಗೆಟ್ಟೋ ಹಾಳಾಗಿತ್ತು. ಆ ಮಾರ್ಚಿನಲ್ಲಿ ಒಂದು ಸರಿಯಾಗಿ ಬಂತು. ಉಗುರಿನಗಲದ ಗಾಜಿನ ಮೇಲೆ ಕಂದುಗೆಂಪು ಪದರ. ಅದಕ್ಕೆ ತೇವ ತಾಗುವ ಹಾಗಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೂ ದಿನದಿಂದ ದಿನಕ್ಕೆ ಕೆಡುತ್ತದೆ. ಮಳೆಗಾಲ ಶುರುವಾಗುವುದರೊಳಗೆ ಅಳೆದು ಮುಗಿಸಬೇಕಿತ್ತು. ಅವಳು ಅದನ್ನು ಚಿಮುಟದಲ್ಲಿ ಎತ್ತುವಾಗ ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ.

ಗಿರಿಜಾಳ ಮನೆ ಚಾಮರಾಜಪೇಟೆಯಲ್ಲಿ. ತಂದೆ ಇರಲಿಲ್ಲ. ತಾಯಿ ಗೌರಮ್ಮ, ಅಣ್ಣ ಬಸವರಾಜ. ಸುಲ್ತಾನ್‌ಪೇಟೆಯಲ್ಲಿ ಅಜ್ಜನ ಕಾಲದಿಂದಲೂ ಅವರದು ಲಗ್ನಪತ್ರಿಕೆಯ ಅಂಗಡಿ. ಈಗ ನಡೆಸುತ್ತಿದ್ದವನು ಬಸವರಾಜ. ಹಣೆಯ ಮೇಲೆ ವಿಭೂತಿ, ಮಾತಿನಲ್ಲಿ ನಯ. ಗಿರಿಜಾಗೆ ಎಂಎಸ್ಸಿಯಲ್ಲಿ ಪದಕ ಬಂದಾಗ ಇಡೀ ಬೀದಿಗೆ ಪೇಡ ಹಂಚಿದ್ದವನು ಅವನೇ. ಶಾಲೆಗೂ ಕಾಲೇಜಿಗೂ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಿಟ್ಟುಬರುತ್ತಿದ್ದವನೂ ಅವನೇ. ಅದನ್ನು ಗಿರಿಜಾ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದಳು.

ಏಪ್ರಿಲ್‌ನ ಒಂದು ಬೆಳಗ್ಗೆ ಅವನು ಕೇಂದ್ರಕ್ಕೇ ಬಂದ. ನಾವು ಹೊಂಗೆಮರದ ಕೆಳಗಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ಅವನು ನನಗೂ ಒಂದು ನಮಸ್ಕಾರ ಹೇಳಿ, ಕೂತು, ಚೀಲದಿಂದ ಒಂದು ಕಾರ್ಡು ತೆಗೆದು ತಂಗಿಯ ಮುಂದೆ ಇಟ್ಟ.

"ನೋಡು ಗಿರಿ. ನಮ್ಮ ಅಂಗಡೀಲಿ ಇಂಥ ಕಾರ್ಡು ಇನ್ಯಾರಿಗೂ ಮಾಡಿಲ್ಲ. ಮೇ ಕೊನೇಲಿ ಲಗ್ನ ಸಿಕ್ಕಿದೆ."

ಚಿನ್ನದ ಅಕ್ಷರಗಳಲ್ಲಿ ಅವಳ ಹೆಸರಿತ್ತು. ಪಕ್ಕದಲ್ಲಿ ತುಮಕೂರಿನ ಯಾರೋ ವರನ ಹೆಸರು.

"ಯಾರನ್ನ ಕೇಳಿ ಅಚ್ಚು ಹಾಕಿಸ್ದೆ ಅಣ್ಣ?"

"ಹುಡುಗ ನೋಡೋಕೆ ಬಂದಾಗ ನೀನು ಬೇಡ ಅನ್ನಲಿಲ್ವಲ್ಲ."

"ಬೇಕು ಅಂತಲೂ ಅನ್ನಲಿಲ್ಲ. ಕಾಫಿ ಕೊಟ್ಟು ಒಳಗೆ ಹೋದೆ, ಅಷ್ಟೇ. ನಂಗೆ ಈಗ ಮದುವೆ ಬೇಡ. ಇದು ಮುಗೀಲಿ."

"ಇದು ಅಂದ್ರೆ?"

"ನನ್ನ ಕೆಲಸ."

ಬಸವರಾಜ ಮುಗುಳ್ನಕ್ಕ. ಮಗುವಿನ ಸುಳ್ಳನ್ನು ಹಿಡಿದವನ ನಗು. "ಕೆಲಸಕ್ಕೋಸ್ಕರ ಯಾರಾದ್ರೂ ಮದುವೆ ಬೇಡ ಅಂತಾರಾ? ಹೇಳು, ಬೈಯಲ್ಲ. ಯಾರವನು?"

"ಯಾರೂ ಇಲ್ಲ ಅಣ್ಣ."

ಅವನ ಕೈ ಎದ್ದದ್ದು ನನಗೆ ಕಾಣಲಿಲ್ಲ. ಸದ್ದು ಕೇಳಿತು. ಗಿರಿಜಾಳ ಲೋಟ ಹಾರಿ ಕಲ್ಲುಹಾಸಿನ ಮೇಲೆ ಬಿದ್ದು ಒಡೆಯಿತು. ಸುತ್ತ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವನು ಕಾರ್ಡಿನ ಮೇಲೆ ಬಿದ್ದ ಕಾಫಿಯ ಹನಿಯನ್ನು ಕರವಸ್ತ್ರದಿಂದ ಒರೆಸಿ, ಅದನ್ನು ಅವಳ ಬ್ಯಾಗಿನೊಳಗೆ ಜೋಪಾನವಾಗಿ ಇಟ್ಟು, ಸ್ಕೂಟರು ಹತ್ತಿ ಹೊರಟುಹೋದ.

ಅಲ್ಲಿಂದ ಮುಂದೆ ಅವಳು ದಿನವೂ ಏನಾದರೊಂದು ಗಾಯದೊಂದಿಗೆ ಬರತೊಡಗಿದಳು. ಲೇಸರು ನಡೆಯುವಾಗ ನಾವಿಬ್ಬರೂ ದೊಡ್ಡ ಕನ್ನಡಕ ಹಾಕಿಕೊಳ್ಳುತ್ತಿದ್ದೆವು. ಅವಳದನ್ನು ತೆಗೆದಾಗಲೇ ಕಣ್ಣ ಕೆಳಗಿನ ಕಪ್ಪು ಕಾಣುತ್ತಿತ್ತು. ಒಮ್ಮೆ ಕಿವಿಯ ಓಲೆ ಹರಿದುಕೊಂಡು ಬಂದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೇಡಂ ಅದನ್ನು ನೋಡಿ ಬಾಗಿಲು ಹಾಕಿಕೊಂಡು ಅವಳ ಜೊತೆ ಮಾತಾಡಿದರು.

"ಇವತ್ತೇ ಹಾಸ್ಟೆಲ್‌ಗೆ ಬಂದ್ಬಿಡು ಗಿರಿಜಾ. ನಾನು ರೂಮು ಕೊಡಿಸ್ತೀನಿ."

"ನಾನು ಬಂದ್ಬಿಟ್ರೆ ನನಗೆ ಬೀಳೋದು ಅಮ್ಮನಿಗೆ ಬೀಳುತ್ತೆ ಮೇಡಂ" ಎಂದಳು ಗಿರಿಜಾ. ನಂತರ ಪೆಟ್ಟಿಗೆಯಿಂದ ಹರಳು ತೆಗೆದು ಕೆಲಸಕ್ಕೆ ಕೂತಳು.

ಮೇ ತಿಂಗಳ ಮೊದಲ ವಾರ ಬಸವರಾಜನೂ ಅವನ ಕಡೆಯವರೂ ನನ್ನನ್ನು ಹಿಡಿದರು. ಮಟಮಟ ಮಧ್ಯಾಹ್ನ. ಮಾರುಕಟ್ಟೆಯ ಹಿಂದೆ, ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಗಲ್ಲಿಯಿದೆ. ನಾನು ಬಿಸಿಲು ತಪ್ಪಿಸಿಕೊಳ್ಳಲು ಅದರಲ್ಲೇ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದೆ. ಬಸವರಾಜ ಎದುರಿಗೆ ಬಂದು ನಿಂತ. ಹಿಂದಿನಿಂದ ಇಬ್ಬರು ಬಂದು ನನ್ನ ತೋಳು ಹಿಡಿದರು.

"ಏನ್ ಗುರು, ದಿನಾ ಕತ್ತಲೆ ರೂಮಲ್ಲಿ ಇಬ್ರೇ ಏನ್ಮಾಡ್ತೀರಾ?"

ನಾನು ಹೇಳಲು ಹೋದೆ. ಲೇಸರು, ಹರಳು, ಎಲೆಕ್ಟ್ರಾನು ಎಂದೆಲ್ಲ ತೊದಲಿದ ನೆನಪು. ಈಗ ಯೋಚಿಸಿದರೆ ಅವನಿಗೆ ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದು ಕೇಳಿಸಿರಲಿಕ್ಕಿಲ್ಲ. ಅವನ ಕೈಯಲ್ಲಿ ಹೆಲ್ಮೆಟ್ ಇತ್ತು. ಮೊದಲನೇ ಏಟು ಬಾಯಿಗೆ ಬಿತ್ತು. ಹಲ್ಲೊಂದು ನಾಲಿಗೆಯ ಮೇಲೆ ಉರುಳಿದ್ದು ಗೊತ್ತಾಯಿತು. ಆಮೇಲಿನವು ಪಕ್ಕೆಗೆ. ಎರಡು ಸಲ ಒಳಗೆ ಏನೋ ಲಟಕ್ಕೆಂದಿತು. ನಾನು ಬಿದ್ದ ಮೇಲೆ ಎದೆಯ ಮೇಲೆ ಮೊಣಕಾಲೂರಿ ಗಂಟಲು ಹಿಡಿದು ಕೇಳಿದ, "ನೀನೇ ತಾನೇ? ಒಪ್ಕೊ. ನೀನೇ ತಾನೇ?"

ಉಸಿರಾಡಲು ಆಗುತ್ತಿರಲಿಲ್ಲ. ಹೌದು ಎಂದರೆ ಬಿಡುತ್ತಾನೆಯೇ ಅಥವಾ ಕೊಲ್ಲುತ್ತಾನೆಯೇ ಎಂದು ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಯಾವುದೋ ಮಹಡಿಯಿಂದ ಹೆಂಗಸೊಬ್ಬರು ಕಿರುಚಿ, ಬಟ್ಟೆ ನೆನೆಸಿದ್ದ ಬಕೆಟ್ಟಿನ ನೀರನ್ನು ನಮ್ಮ ಮೇಲೆ ಸುರಿದರು. ಅವರು ಮೂವರೂ ಓಡಿದರು.

ಆಸ್ಪತ್ರೆಗೆ ಗಿರಿಜಾ ಬಂದಳು. ನನ್ನ ಮುಖ ನೋಡಿ ಅಳಲಿಲ್ಲ. ಕುರ್ಚಿ ಎಳೆದು ಕೂತು, "ಕಂಪ್ಲೇಂಟ್ ಕೊಡು. ನನ್ನ ಅಣ್ಣ ಅಂತ ನೋಡ್ಬೇಡ" ಎಂದಳು. ಕೊಟ್ಟೆ. ಠಾಣೆಯಲ್ಲಿದ್ದವರು ಬರೆದುಕೊಂಡರು, ಅವನನ್ನು ಕರೆಸಿದರು, ಅವನು ಜಾಮೀನಿನ ಮೇಲೆ ಸಂಜೆಯೇ ಮನೆಗೆ ಹೋದ. ಮರುದಿನದಿಂದ ಗಿರಿಜಾ ಬರಲಿಲ್ಲ. ಅವಳ ಫೋನು ಸ್ವಿಚ್ ಆಫ್ ಆಗಿತ್ತು.

ನಾನು ಮತ್ತು ಪದ್ಮಿನಿ ಮೇಡಂ ಚಾಮರಾಜಪೇಟೆಗೆ ಹೋದೆವು. ಮನೆಯ ಮುಂದೆ ಚಪ್ಪರಕ್ಕೆ ಗಳ ನೆಟ್ಟಾಗಿತ್ತು. ಬಸವರಾಜ ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿ, ಮೇಡಂಗೆ ಮಾತ್ರ ಕೈಮುಗಿದ.

"ಬನ್ನಿ ಮೇಡಂ, ಕಾಫಿ ತಗೊಳ್ಳಿ. ಗಿರಿಜಾಗೆ ಸ್ವಲ್ಪ ಹುಷಾರಿಲ್ಲ, ಮಲಗಿದಾಳೆ."

ಆಗ ಮಹಡಿಯ ಮೇಲಿಂದ ನೆಲಕ್ಕೆ ಕಾಲು ಬಡಿಯುವ ಸದ್ದು ಕೇಳಿತು. ಧಡ್, ಧಡ್, ಧಡ್. ಗೇಟಿನ ಬಳಿ ನಿಂತ ನನಗೂ ಕೇಳುವಷ್ಟು ಜೋರಾಗಿ. ಬಸವರಾಜ "ಒಂದ್ನಿಮಿಷ" ಎಂದು ಹೇಳಿ ಮೆಟ್ಟಿಲು ಹತ್ತಿಹೋದ. ಏನೋ ಭಾರವಾದದ್ದು ಬಿದ್ದ ಸದ್ದಾಯಿತು. ಆಮೇಲೆ ಮೇಲೆ ಸದ್ದೇ ಇಲ್ಲ. ಅವನು ಇಳಿದು ಬಂದು, "ಸಕ್ಕರೆ ಹಾಕ್ಬಹುದಾ ಮೇಡಂ?" ಎಂದು ಕೇಳಿದ.

ಮೇಡಂ ಅಲ್ಲಿಂದ ನೇರವಾಗಿ ಠಾಣೆಗೆ ಹೋದರು. ಮದುವೆ ಮನೆಯಲ್ಲಿ ಇಂಥದ್ದೆಲ್ಲ ಇದ್ದದ್ದೇ, ಹುಡುಗಿಯ ತಾಯಿ ಬಂದು ಹೇಳಲಿ ನೋಡೋಣ ಎಂದು ಕಳಿಸಿದರಂತೆ. ಕಾರಿಗೆ ಬಂದು ಇಷ್ಟು ಹೇಳಿ ಬಾಗಿಲು ಎಳೆದುಕೊಂಡರು.

ನಾನು ಪಕ್ಕೆಗೆ ಪಟ್ಟಿ ಬಿಗಿದುಕೊಂಡು ಒಬ್ಬನೇ ನೆಲಮಾಳಿಗೆಗೆ ಇಳಿದೆ. ಹರಳಿನ ಅಂಚು ಹಳದಿಯಾಗತೊಡಗಿತ್ತು. ಬಗ್ಗಿ ಕನ್ನಡಿ ತಿರುಗಿಸಲು ಹೋದರೆ ಕಣ್ಣು ಕತ್ತಲೆ ಬರುತ್ತಿತ್ತು. ಎರಡು ಕಿರಣಗಳನ್ನೂ ಒಂದೇ ಬಿಂದುವಿನಲ್ಲಿ ಕೂಡಿಸಲು ಗಿರಿಜಾಗೆ ಬರುತ್ತಿತ್ತು, ನನ್ನಿಂದ ಆಗಲಿಲ್ಲ. ಸಂಜೆಗಳಲ್ಲಿ ಗುಡುಗು ಶುರುವಾಗಿತ್ತು. ಗಾಳಿಯಲ್ಲಿ ತೇವ ಏರುತ್ತಿರುವುದನ್ನು ಗೋಡೆಯ ಮೇಲಿನ ಮಾಪಕ ತೋರಿಸುತ್ತಿತ್ತು.

ಅರಿಶಿನದ ಶಾಸ್ತ್ರದ ದಿನ ನಡೆದದ್ದನ್ನು ಗಿರಿಜಾ ಆಮೇಲೆ ಹೇಳಿದಳು. ಹೆಂಗಸರೆಲ್ಲ ಅವಳಿಗೆ ಅರಿಶಿನ ಹಚ್ಚಿ ಹಾಡಿ ಊಟಕ್ಕೆ ಇಳಿದರು. ಬಸವರಾಜ ಅವಳ ಕೋಣೆಗೆ ಬೀಗ ಹಾಕಿ ಛತ್ರಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಬೀಗ ತೆಗೆಯುವ ಸದ್ದಾಯಿತು. ಗೌರಮ್ಮ ನಿಂತಿದ್ದರು. ಅವರ ಕೈಯಲ್ಲಿ ಮಗಳ ಚಪ್ಪಲಿ ಇತ್ತು.

"ಹಿಂದಿನ ಬಾಗಿಲಿಂದ ಹೋಗು. ಚಪ್ಪಲಿ ಹಾಕ್ಕೊ, ರೋಡು ಸುಡ್ತಿದೆ."

"ಅವನು ನಿನ್ನ ಸುಮ್ನೆ ಬಿಡಲ್ಲಮ್ಮ."

"ಗೊತ್ತು. ಹೋಗು."

ಆಟೋದಿಂದ ಇಳಿದು ಅವಳು ನೇರವಾಗಿ ಕೇಂದ್ರಕ್ಕೇ ಬಂದಳು. ಹಳದಿ ಸೀರೆ, ಕೆನ್ನೆ ತೋಳುಗಳ ಮೇಲೆಲ್ಲ ಒಣಗಿದ ಅರಿಶಿನ, ಅದರ ಕೆಳಗೆ ಕಂದಿದ ಬಾಸುಂಡೆ. ಮೇಡಂ ತಕ್ಷಣ ವಕೀಲರಿಗೆ ಫೋನು ಹಚ್ಚಿದರು, ಗೌರಮ್ಮನವರನ್ನು ಕರೆತರಲು ಕಾರು ತೆಗೆದುಕೊಂಡು ತಾವೇ ಹೊರಟರು. ನನ್ನನ್ನು ನೋಡಿ, "ಬಾಗಿಲು ಹಾಕ್ಕೊಂಡು ಒಳಗಿರಿ" ಎಂದರು.

"ಹರಳು ಇದೆಯಾ?" ಎಂದು ಕೇಳಿದಳು ಗಿರಿಜಾ.

"ಅಂಚು ಹೋಗಿದೆ. ಮಧ್ಯ ಇನ್ನೂ ಚೆನ್ನಾಗಿದೆ. ಆದರೆ ಈ ಸ್ಥಿತೀಲಿ ನೀನು..."

"ಮತ್ತೆ ಏನ್ಮಾಡ್ಲಿ ರಘು? ಬಾಗಿಲು ನೋಡ್ತಾ ಕೂರ್ಲಾ?"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಹಾಕಿಕೊಂಡು, ಕನ್ನಡಿಗಳ ತಿರುಪು ಹಿಡಿದಳು. ನಾನು ದಿನಗಟ್ಟಲೆ ತಿಣುಕಿದ್ದನ್ನು ಬೇಗನೇ ಸರಿಮಾಡಿದಳು. ಮೇಜಿಗೆ ಕಪ್ಪು ಮುಚ್ಚಳ ಮುಚ್ಚಿ ಅಳತೆ ಶುರು ಮಾಡಿದೆವು. ಪರದೆಯ ಮೇಲೆ ಚುಕ್ಕಿಗಳು ಮೂಡತೊಡಗಿದವು. ಗೆರೆ ನೆಟ್ಟಗೆ ಏರಿತು. ಆಮೇಲೆ ನಿಧಾನವಾಗಿ ಇಳಿಯಲು ಶುರುಮಾಡಿತು. ನಾವು ಊಹಿಸಿದ್ದಕ್ಕಿಂತ ಬಹಳ ನಿಧಾನವಾಗಿ. ಗಿರಿಜಾ ನನ್ನ ತೋಳನ್ನು ಹಿಂಡಿ ಹಿಡಿದಳು. "ಬೀಳ್ತಿಲ್ಲ ನೋಡು. ಇನ್ನೂ ಬೀಳ್ತಿಲ್ಲ."

ಮೇಲೆ ಮಳೆ ಹೊಡೆಯುತ್ತಿತ್ತು. ಮೊದಲು ಕಾವಲುಗಾರನ ಕೂಗು ಕೇಳಿತು, ಆಮೇಲೆ ಮೆಟ್ಟಿಲುಗಳ ಮೇಲೆ ಹೆಜ್ಜೆಗಳು. ಬಾಗಿಲು ತೆರೆದರೆ ಲೇಸರು ತಾನಾಗಿಯೇ ನಿಲ್ಲುವ ವ್ಯವಸ್ಥೆಯೊಂದಿತ್ತು. ಅದು ಕೆಟ್ಟು ತಿಂಗಳುಗಳಾಗಿದ್ದವು. ಮೂರನೇ ಒದೆತಕ್ಕೆ ಚಿಲಕ ಕಿತ್ತುಬಂತು. ಬಸವರಾಜ ಕಪ್ಪು ಪರದೆಯನ್ನು ಹರಿದುಕೊಂಡು ಒಳಗೆ ಬಂದ. ಮೈಯೆಲ್ಲ ನೀರು, ಕೈಯಲ್ಲಿ ಅದೇ ಹೆಲ್ಮೆಟ್.

ನಾನು ಅಡ್ಡ ನಿಂತೆ. ಅವನು ಪಟ್ಟಿ ಬಿಗಿದಿದ್ದ ಪಕ್ಕೆಗೇ ಹೊಡೆದ. ನಾನು ಮೇಜಿನ ಕಾಲಿಗೆ ತಲೆ ಬಡಿದುಕೊಂಡು ಬಿದ್ದೆ.

"ಇದೇನಾ ನಿನ್ನ ಕೆಲಸ? ಇದರೊಳಗೆ ಏನಿದೆ?" ಎನ್ನುತ್ತಾ ಮೇಜಿನ ಮೇಲಿನ ಕಪ್ಪು ಮುಚ್ಚಳವನ್ನು ಎರಡೂ ಕೈಯಲ್ಲಿ ಕಿತ್ತು ಎಸೆದ. ಅದರ ಮೂಲೆ ತಗುಲಿ ಕನ್ನಡಿಯೊಂದು ತಿರುಗಿತು. ಕಿರಣ ದಾರಿ ತಪ್ಪಿತು. ಆ ಕಿರಣ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಅದೇ ಅದರ ಅಪಾಯ. ಅವನ ಕಣ್ಣಿಗೆ ನಮ್ಮಂತೆ ಕನ್ನಡಕ ಇರಲಿಲ್ಲ.

"ಕಣ್ಣು ಮುಚ್ಕೋ ಅಣ್ಣಾ! ಕಣ್ಣು ಮುಚ್ಕೋ!"

ಅವನು ಮುಚ್ಚಲಿಲ್ಲ. ಅವಳೇನೋ ಆಟ ಹೂಡುತ್ತಿದ್ದಾಳೆ ಎಂದುಕೊಂಡು ಇನ್ನಷ್ಟು ಮುಂದಕ್ಕೆ ಬಾಗಿದ. ಗಿರಿಜಾ ಮೇಜಿನ ಮೇಲೆ ಬಿದ್ದು, ಬಲ ಅಂಗೈಯನ್ನು ಕಿರಣವನ್ನು ಒಂದೆಡೆ ಸೇರಿಸುವ ಮಸೂರದ ಎದುರಿಗೇ ಒಡ್ಡಿದಳು. ಚರ್ಮ ಸುಟ್ಟ ವಾಸನೆ ಬಂತು. ಅಷ್ಟರಲ್ಲಿ ಬಸವರಾಜ ಎಡಗಣ್ಣು ಮುಚ್ಚಿಕೊಂಡು ಕೂಗಿದ. ಒಂದು ಮಿಡಿತವೋ ಕೆಲವೋ ತಾಗಿಬಿಟ್ಟಿದ್ದವು. ಉಳಿದವೆಲ್ಲ ಅವಳ ಅಂಗೈಗೆ ಬೀಳುತ್ತಿದ್ದವು. ಅವಳು ಕೈ ತೆಗೆಯಲಿಲ್ಲ.

ಅವನು ಆ ಕೈಯನ್ನೇ ಹಿಡಿದ. ಎಳೆದು, ತಿರುಚಿ, ಉಕ್ಕಿನ ಮೇಜಿನ ಅಂಚಿಗೆ ಅಪ್ಪಳಿಸಿದ. ಮಣಿಕಟ್ಟು ಮುರಿದ ಸದ್ದು ಯಂತ್ರದ ಸದ್ದಿನ ನಡುವೆಯೂ ಸ್ಪಷ್ಟವಾಗಿ ಕೇಳಿತು. ಇನ್ನೊಮ್ಮೆ ಅಪ್ಪಳಿಸಿದ. ನಾನು ತೆವಳಿಕೊಂಡು ಹೋಗಿ ಗೋಡೆಯ ಮೇಲಿನ ಕೆಂಪು ಗುಂಡಿಯನ್ನು ಗುದ್ದಿದೆ. ಲೇಸರು ನಿಂತಿತು.

ಆ ಮೌನದಲ್ಲಿ ಅವನು ಏದುಸಿರು ಬಿಡುತ್ತಾ ಕೇಳಿದ, "ಈಗ್ಲಾದ್ರೂ ಹೇಳು. ಯಾರವನು?"

ಗಿರಿಜಾ ನೆಲಕ್ಕೆ ಕುಸಿದಿದ್ದಳು. ನೋವಿಗೆ ತುಟಿ ಬಿಳಿಚಿಕೊಂಡಿತ್ತು. ಎಡಗೈಯೆತ್ತಿ ಮೇಜಿನ ಮೇಲಿದ್ದ ಉಗುರಿನಗಲದ ಗಾಜನ್ನು ತೋರಿಸಿದಳು. "ಅದು ಅಣ್ಣ. ಅದಕ್ಕೋಸ್ಕರ."

ಅವನು ಒಂದು ಕಣ್ಣಿನಲ್ಲಿ ಅದನ್ನು ದಿಟ್ಟಿಸಿ ನೋಡಿದ. ಬೆರಳಲ್ಲಿ ಕಿತ್ತು ನೆಲಕ್ಕೆ ಹಾಕಿ, ಶೂಗಾಲಿನ ಹಿಮ್ಮಡಿಯಿಂದ ಅರೆದುಬಿಟ್ಟ.

ಅಷ್ಟರಲ್ಲಿ ಕಾವಲುಗಾರನೂ ಪಕ್ಕದ ಪ್ರಯೋಗಾಲಯದ ಹುಡುಗರೂ ನುಗ್ಗಿದರು. ಅವನನ್ನು ಕೆಡವಿಕೊಂಡು ಕೈಕಾಲಲ್ಲಿ ಸಿಕ್ಕಸಿಕ್ಕಲ್ಲಿ ಬಡಿದರು. ನಾನೂ ಎರಡು ಸಲ ಒದ್ದೆ. ಅದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಗಿರಿಜಾ ಮಾತ್ರ ಮೂಲೆಯಿಂದ, "ಅವನ ಕಣ್ಣು, ಕಣ್ಣಿಗೆ ಹೊಡೀಬೇಡ್ರೋ" ಎಂದು ಕೂಗುತ್ತಿದ್ದಳು.

ಮೇಡಂ ಗೌರಮ್ಮನವರನ್ನು ಕರೆದುಕೊಂಡು ಆಸ್ಪತ್ರೆಗೇ ಬಂದರು. ಬೀಗ ತೆಗೆದದ್ದಕ್ಕೆ ಮಗ ಅವರ ಹಣೆಯನ್ನು ಬಾಗಿಲಿಗೆ ಗುದ್ದಿಸಿದ್ದ. ತಾಯಿ ಮಗಳು ಒಂದೇ ವಾರ್ಡಿನಲ್ಲಿ ಎದುರುಬದುರು ಮಲಗಿದರು. ತುಮಕೂರಿನವರು ಮಾರನೇ ದಿನವೇ ಸಂಬಂಧ ಬೇಡವೆಂದರಂತೆ.

ಅಲ್ಲಿಗೂ ಮುಗಿಯಲಿಲ್ಲ. ಬಸವರಾಜನ ಎಡಗಣ್ಣಿನ ನಡುವೆ ಒಂದು ಕಪ್ಪು ಚುಕ್ಕೆ ಶಾಶ್ವತವಾಗಿ ಉಳಿಯಿತು. ನೇರ ನೋಡಿದ್ದು ಕಾಣುವುದಿಲ್ಲ, ಸುತ್ತಲಿನದು ಕಾಣುತ್ತದೆ. ತಂಗಿ ಬೇಕೆಂದೇ ಲೇಸರು ಬಿಟ್ಟು ಕುರುಡು ಮಾಡಿದಳು, ತಾನು ಅವಳನ್ನು ಮನೆಗೆ ಕರೆಯಲು ಮಾತ್ರ ಹೋಗಿದ್ದೆ ಎಂದು ಅವನು ದೂರು ಕೊಟ್ಟ. ಕೇಂದ್ರದವರು ಹೆದರಿ ನಮ್ಮ ಪ್ರಯೋಗಾಲಯಕ್ಕೆ ಬೀಗ ಹಾಕಿದರು. ಗಿರಿಜಾಳನ್ನು ವಿಚಾರಣೆ ಮುಗಿಯುವವರೆಗೆ ಒಳಗೆ ಬಿಡಬಾರದೆಂದು ಆದೇಶ ಬಂತು. ಅವಳೂ ಗೌರಮ್ಮನವರೂ ಮಾವಳ್ಳಿಯಲ್ಲಿ ಒಂದು ಸಣ್ಣ ಮನೆ ಹಿಡಿದರು. ಮಳೆಗಾಲವಿಡೀ ಅವಳು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಆ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಒಂದೇ ಸಲ.

"ಅರ್ಧ ಗೆರೆ ನೋಡಿದೆವಲ್ಲ ರಘು" ಎಂದಳು. "ಅರ್ಧ ನೋಡಿದ್ದು ಯಾರಿಗೆ ಹೇಳೋಕಾಗುತ್ತೆ?"

ದಸರಾ ಕಳೆದ ಮೇಲೆ ಠಾಣೆಗೆ ಹೊಸ ಇನ್ಸ್‌ಪೆಕ್ಟರ್ ಬಂದರು. ಹೆಂಗಸು, ಮಾತು ಕಡಿಮೆ. ಕಣ್ಣಿನ ವೈದ್ಯರ ಮತ್ತು ಸುಟ್ಟಗಾಯದ ವೈದ್ಯರ ವರದಿ ಎರಡನ್ನೂ ಮುಂದಿಟ್ಟುಕೊಂಡು ನಮ್ಮೆಲ್ಲರನ್ನೂ ಕರೆಸಿದರು. ಗಿರಿಜಾಗೆ ಅಂಗೈ ತೋರಿಸಲು ಹೇಳಿದರು. ಮಧ್ಯದಲ್ಲಿ ಬಟಾಣಿಯಷ್ಟು ಗುಂಡಗಿನ, ಆಳವಾದ ಕಲೆಯಿತ್ತು.

"ಗುರಿಯಿಟ್ಟು ಹೊಡೆಯೋರ ಅಂಗೈ ಯಾಕೆ ಸುಡುತ್ತೆ?" ಎಂದು ಬಸವರಾಜನನ್ನು ಕೇಳಿದರು. ಆಮೇಲೆ ಗೌರಮ್ಮನವರ ಕಡೆ ತಿರುಗಿದರು. "ನೀವು ಹೇಳಿ ಅಮ್ಮ. ಮಗಳು ಯಾರಿಗೋಸ್ಕರ ಮನೆ ಬಿಟ್ಟು ಹೋದ್ಲು?"

"ಯಾರಿಗೋಸ್ಕರಾನೂ ಅಲ್ಲ. ನಾನೇ ಬೀಗ ತೆಗೆದೆ." ಗೌರಮ್ಮ ಮಗನ ಮುಖವನ್ನು ನೋಡಿಯೇ ಹೇಳಿದರು. "ಯಾರಾದ್ರೂ ಇದ್ದಿದ್ರೆ ಇವನು ಅವನನ್ನ ಹೊಡೆದು ಸುಮ್ನಾಗ್ತಿದ್ದ. ಯಾರೂ ಇರಲಿಲ್ಲ. ಅದಕ್ಕೇ ಇವಳನ್ನ ಹೊಡೆದ, ನನ್ನನ್ನೂ ಹೊಡೆದ."

ಅವನ ದೂರು ಅಲ್ಲಿಗೆ ಬಿದ್ದುಹೋಯಿತು. ಅವನ ಮೇಲಿನ ಮೊಕದ್ದಮೆ ವರ್ಷಗಳ ಕಾಲ ನಡೆದು, ಕೊನೆಗೆ ಅವನಿಗೆ ಶಿಕ್ಷೆಯಾಯಿತು. ಇನ್ಸ್‌ಪೆಕ್ಟರ್ ಕರೆಸಿದ್ದ ಆ ದಿನ ಠಾಣೆಯ ಜಗುಲಿಯಲ್ಲಿ ನಾವು ಹೊರಡುವಾಗ ಅವನು ಗಿರಿಜಾಳ ಹತ್ತಿರ ಬಂದ. ಅವಳನ್ನು ನೋಡಲು ಮುಖವನ್ನು ಸ್ವಲ್ಪ ಓರೆ ಮಾಡಿಕೊಳ್ಳಬೇಕಿತ್ತು.

"ಕೈ ಹೇಗಿದೆ ಗಿರಿ?"

ಅವಳು ತಿರುಗಿ ನಿಂತಳು. ಬೈಯುತ್ತಾಳೆ ಎಂದುಕೊಂಡೆ.

"ನೋಯುತ್ತೆ" ಎಂದಳು. ತಾಯಿಯ ಕೈ ಹಿಡಿದುಕೊಂಡು ಮೆಟ್ಟಿಲಿಳಿದಳು.

ಮೇಡಂ ಆಡಳಿತ ಮಂಡಳಿಯ ಎದುರು ಜಗಳವಾಡಿ ಪ್ರಯೋಗಾಲಯ ತೆರೆಸಿದರು. ಬಾಗಿಲಿನ ಸ್ವಿಚ್ಚು ಕೊನೆಗೂ ರಿಪೇರಿಯಾಯಿತು. ಗಿರಿಜಾಳ ಬಲ ಮಣಿಕಟ್ಟು ಮೊದಲಿನಂತೆ ತಿರುಗುತ್ತಿರಲಿಲ್ಲ. ಚಿಮುಟವನ್ನು ಎಡಗೈಯಲ್ಲಿ ಹಿಡಿಯುವುದನ್ನು ಕಲಿತಳು. ಎಷ್ಟೋ ಹರಳು ಕೈಜಾರಿ ಬಿದ್ದವು. ಒಮ್ಮೆ ಚಿಮುಟವನ್ನೇ ಗೋಡೆಗೆ ಎಸೆದು, ಹೋಗಿ ಎತ್ತಿಕೊಂಡು ಬಂದಳು. ಚಳಿಗಾಲದ ಒಣ ಹವೆಯಲ್ಲಿ ಒಂದು ಹರಳು ಚೆನ್ನಾಗಿ ಬಂತು.

ಅಳತೆ ಮುಗಿದದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ಗೆರೆ ಏರಿ, ನಿಂತು, ನಿಧಾನವಾಗಿ ಇಳಿದು ನೆಲ ಮುಟ್ಟುವವರೆಗೆ ನಾವಿಬ್ಬರೂ ಪರದೆಯ ಮುಂದಿನಿಂದ ಏಳಲಿಲ್ಲ. ಮತ್ತೆ ಅಳೆದೆವು. ಅದೇ ಬಂತು. ಗಿರಿಜಾ ಹೊರಗೆ ಬಂದು ಹೊಂಗೆಮರದ ಕೆಳಗೆ ನಿಂತು ಮನೆಗೆ ಫೋನು ಮಾಡಿದಳು. ಕೈಗೆ ಭಾರವಾಗದಿರಲೆಂದು ಅವಳು ಯಾವಾಗಲೂ ಸ್ಪೀಕರ್ ಹಾಕುತ್ತಿದ್ದಳು.

"ಅಮ್ಮ, ಬಂತು."

"ಏನು ಬಂತು?"

"ಅಳತೆ. ಮೇಲಕ್ಕೆ ಹಾರಿದ್ದು ಎಷ್ಟು ಹೊತ್ತು ಮೇಲೆ ಇರುತ್ತೆ ಅಂತ."

"ಎಷ್ಟು ಹೊತ್ತು?"

ಗಿರಿಜಾ ಯೋಚಿಸಿದಳು. "ಬೆಳಕು ಒಂದು ಅಡಿ ದೂರ ಹೋಗುತ್ತಲ್ಲ, ಅಷ್ಟು ಹೊತ್ತು. ಅದಕ್ಕಿಂತ ಒಂಚೂರು ಜಾಸ್ತಿ."

ಆ ಕಡೆ ಕುಕ್ಕರ್ ಕೂಗಿ ಸುಮ್ಮನಾಯಿತು.

"ಇಷ್ಟೇನಾ?" ಎಂದರು ಗೌರಮ್ಮ.

"ಇಷ್ಟೇ ಅಮ್ಮ."

ಗಿರಿಜಾಗೆ ನಗು ಬಂತು. ತಡೆಯಲಾಗದೆ ಮರಕ್ಕೆ ಒರಗಿಕೊಂಡಳು. ಫೋನಿನೊಳಗಿಂದ ಗೌರಮ್ಮನವರೂ ನಗುವುದು ಕೇಳಿಸುತ್ತಿತ್ತು. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.